ಗೇಜಿನ ಸೊನ್ನೆ

(ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿಗಳು ಹಾಗೂ ಅವರ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ.)

ಮಾನ್ಯ ಅಧ್ಯಾಪಕರೇ, ಪೋಷಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ನಮ್ಮ ಸೀಮೆಯಲ್ಲಿ ಬಸ್ಸಿನೊಳಗೆ ಅಕ್ಕಪಕ್ಕ ಕುಳಿತ ಇಬ್ಬರು ಹೆಸರಿಗಿಂತ ಮೊದಲು ಊರನ್ನು ವಿಚಾರಿಸಿಕೊಳ್ಳುತ್ತಾರೆ. "ಯಾವೂರ್ರೀ ನಿಮ್ದು?" ಎಂದು ಕೇಳಿದವರು ಆ ಒಂದು ಹೆಸರಿನಿಂದಲೇ ನಿಮ್ಮ ಮನೆತನವನ್ನು, ನಿಮ್ಮ ಜಾತ್ರೆಯನ್ನು, ನಿಮಗೂ ಅವರಿಗೂ ಎಲ್ಲಾದರೂ ಬೀಗತನದ ಎಳೆ ಸಿಕ್ಕೀತೇ ಎಂಬುದನ್ನು ಹುಡುಕಿಕೊಳ್ಳುತ್ತಾರೆ. ಈ ಪ್ರಶ್ನೆಗೆ ನಾನು ಹತ್ತು ವರ್ಷಗಳಲ್ಲಿ ಏಳು ಉತ್ತರಗಳನ್ನು ಕೊಟ್ಟಿದ್ದೇನೆ. ಒಂದೂ ಸುಳ್ಳಾಗಿರಲಿಲ್ಲ, ಒಂದೂ ಪೂರ್ತಿ ನಿಜವೂ ಆಗಿರಲಿಲ್ಲ.

ನಾನು ಹುಟ್ಟಿದ್ದು 1974ರಲ್ಲಿ, ಮುನಿರಾಬಾದಿನ ಕಾಲೊನಿಯಲ್ಲಿ. ಆಗ ಅದು ರಾಯಚೂರು ಜಿಲ್ಲೆಯಾಗಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯಾದ ಮೇಲೆ ನನ್ನ ಹುಟ್ಟೂರು ನಿಂತಲ್ಲೇ ನಿಂತು ಜಿಲ್ಲೆಯನ್ನು ಬದಲಿಸಿತು. ಅಜ್ಜನಿಗೆ ಮಾತ್ರ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಊರಿತ್ತು. ಅದು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ಬಲದಂಡೆಯಲ್ಲಿ ಮದ್ರಾಸ್ ಸರ್ಕಾರ, ಎಡದಂಡೆಯಲ್ಲಿ ಹೈದರಾಬಾದಿನ ನಿಜಾಮ್ ಸರ್ಕಾರ ನಿಂತು ಒಂದೇ ನದಿಗೆ ಎರಡು ಕಡೆಯಿಂದ ಕಲ್ಲು ಕಟ್ಟುತ್ತ ಬಂದವು. 1953ರಲ್ಲಿ ನೀರು ನಿಂತಿತು. ತನ್ನ ಹೊಲ ಮುಳುಗಿಸಿದ ಆ ನೀರಿನ ಕಾಲುವೆಯಲ್ಲೇ ಅಜ್ಜ ಮಣ್ಣು ಹೊತ್ತು ಕೂಲಿ ಮಾಡಿದ. ಅಜ್ಜನ ಮಗ, ಅಂದರೆ ನನ್ನ ಅಪ್ಪ, ಅದೇ ಕಾಲುವೆಯ ವರ್ಕ್ ಇನ್‌ಸ್ಪೆಕ್ಟರ್ ಆದ.

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಮುನಿರಾಬಾದಿನಲ್ಲಿ ಹುಟ್ಟಿ, ಗಂಗಾವತಿ, ಸಿಂಧನೂರು, ಮಾನ್ವಿ ತಾಲ್ಲೂಕುಗಳನ್ನು ಹಾದು ರಾಯಚೂರಿನವರೆಗೆ ಬರುತ್ತದೆ. ಕಿಲೋಮೀಟರ್ ಬಂದು ಎಷ್ಟೋ ದಶಕಗಳಾದರೂ ಈ ಕಾಲುವೆಯ ಮೇಲೆ ಬದುಕುವವರು ಇಂದಿಗೂ ಮೈಲಿನಲ್ಲೇ ಮಾತನಾಡುತ್ತಾರೆ. ಮೈಲ್ 47, ಮೈಲ್ 69, ಮೈಲ್ 104 ಎಂದರೆ ನಮ್ಮ ರೈತರಿಗೆ ಊರ ಹೆಸರುಗಳಷ್ಟೇ ಪರಿಚಿತ. ಅಪ್ಪನಿಗೆ ವರ್ಗವಾದಾಗಲೆಲ್ಲ ನಮ್ಮ ಮನೆ ಈ ಮೈಲುಗಳ ಲೆಕ್ಕದಲ್ಲಿ ಕೆಳಗೆ ಸರಿಯುತ್ತಿತ್ತು. ಮುನಿರಾಬಾದಿನಿಂದ ಕಾರಟಗಿಗೆ, ಅಲ್ಲಿಂದ ಸಿಂಧನೂರಿಗೆ, ಜವಳಗೇರಾಕ್ಕೆ, ಮಾನ್ವಿಗೆ, ಸಿರವಾರಕ್ಕೆ, ಕೊನೆಗೆ ರಾಯಚೂರಿಗೆ. ಒಂದು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಎರಡು ಟ್ರಂಕು, ಹಾಸಿಗೆಯ ಸುರುಳಿ, ಜೋಳದ ಚೀಲ, ಒಳಕಲ್ಲು ಏರಿಸಿ, ಮೇಲೆ ಅವ್ವ ನಮ್ಮ ಮೂವರನ್ನು ಕೂರಿಸಿಕೊಂಡು ಹೊರಟರೆ ಸಂಜೆಯ ಹೊತ್ತಿಗೆ ಇನ್ನೊಂದು ಕ್ವಾರ್ಟರ್ಸಿನ ಬೀಗ ತೆಗೆಯುತ್ತಿದ್ದೆವು. ಬೀಗ ತೆಗೆದ ಕೂಡಲೇ ಅವ್ವ ಒಲೆ ಹಚ್ಚಿ ಹಾಲು ಉಕ್ಕಿಸುತ್ತಿದ್ದಳು. ಎಷ್ಟೋ ಸಲ ಹಾಲು ಸಿಗದೆ ಅಕ್ಕಿ ಬೇಯಿಸಿದ ಗಂಜಿಯನ್ನೇ ಉಕ್ಕಿಸಿದ್ದುಂಟು.

ಊರಿಂದ ಊರಿಗೆ ಮಾತು ಬದಲಾಗುತ್ತಿತ್ತು. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪ್‌ಗಳಲ್ಲಿ ಗೆಳತಿಯರು ತೆಲುಗು ಆಡುತ್ತಿದ್ದರು. ಸಿಂಧನೂರಿನ ಸಂತೆಗೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳ ಹೆಂಗಸರು ಮೀನು ಮಾರಲು ಬರುತ್ತಿದ್ದರು. ರಾಯಚೂರಿನ ಓಣಿಯಲ್ಲಿ ಉರ್ದು ಇಲ್ಲದೆ ಸಕ್ಕರೆಯೂ ಹುಟ್ಟುತ್ತಿರಲಿಲ್ಲ. ಭಾಷೆಗಳು ನನಗೆ ಕಷ್ಟವಾಗಲಿಲ್ಲ, ಮಕ್ಕಳಿಗೆ ಅವು ಬೇಗ ಹತ್ತುತ್ತವೆ. ಕಷ್ಟವಾದದ್ದು ಗಣಿತ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಊರೂರು ತಿರುಗುವ ಮಕ್ಕಳ ಕಷ್ಟ ಎಂದೊಡನೆ ನಾವು ಒಂಟಿತನವನ್ನು, ಗೆಳೆತನ ಮುರಿಯುವುದನ್ನು ನೆನೆಯುತ್ತೇವೆ. ಅವೂ ಇದ್ದವು. ಆದರೆ ಅವುಗಳಿಗಿಂತ ಹೆಚ್ಚು ಕಾಲ ನನ್ನನ್ನು ಕಾಡಿದ್ದು ಬಿಟ್ಟುಹೋದ ಪಾಠಗಳು. ಇಡೀ ರಾಜ್ಯಕ್ಕೆ ಪುಸ್ತಕ ಒಂದೇ ಆಗಿದ್ದರೂ ಒಂದು ಶಾಲೆಯಲ್ಲಿ ದೀಪಾವಳಿಯ ಹೊತ್ತಿಗೆ ಮುಗಿದ ಅಧ್ಯಾಯ ಇನ್ನೊಂದು ಶಾಲೆಯಲ್ಲಿ ಸಂಕ್ರಾಂತಿಗೆ ಶುರುವಾಗುತ್ತಿತ್ತು. ಭಿನ್ನರಾಶಿಯನ್ನು ನಾನು ಮೂರು ಸಲ ಕಲಿತೆ. ವರ್ಗಮೂಲವನ್ನು ಒಂದು ಸಲವೂ ಕಲಿಯಲಿಲ್ಲ: ಜವಳಗೇರಾ ಬಿಡುವಾಗ ಅಲ್ಲಿ ಅದಿನ್ನೂ ಬಂದಿರಲಿಲ್ಲ, ಮಾನ್ವಿಗೆ ಸೇರುವಾಗ ಇಲ್ಲಿ ಅದು ಮುಗಿದಿತ್ತು. ಹೊಸ ಶಾಲೆಯ ಕರಿಹಲಗೆಯ ಮೇಲೆ ಆ ಚಿಹ್ನೆ ಬಂದಾಗ ತರಗತಿಯವರೆಲ್ಲ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಗೊತ್ತಿಲ್ಲ ಎಂದು ಹೇಳುವುದಕ್ಕೆ ಕೂಡ ಆ ತರಗತಿಯಲ್ಲಿ ಸ್ವಲ್ಪ ಹಳಬರಾಗಿರಬೇಕಾಗುತ್ತದೆ.

ಮಾನ್ವಿಯಲ್ಲಿ ಒಬ್ಬ ಮೇಷ್ಟ್ರಿದ್ದರು. ಸೇರಿ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದು, "ಏನವ್ವಾ, ಯಾವ್ಯಾವ ಪಾಠ ಬಿಟ್ಟು ಬಂದೀ?" ಎಂದು ಕೇಳಿದರು. ಅಂಕ ಎಷ್ಟು ಎಂದು ಕೇಳಿದವರು ಬಹಳ ಜನ. ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಪುಸ್ತಕದ ಪರಿವಿಡಿಯನ್ನು ಮುಂದಿಟ್ಟುಕೊಂಡು, ಕಲಿತದ್ದಕ್ಕೆ ಒಂದು ಗೆರೆ, ಕೇಳಿಯೂ ತಿಳಿಯದ್ದಕ್ಕೆ ಎರಡು, ಕಣ್ಣಿಗೇ ಬೀಳದ್ದಕ್ಕೆ ಒಂದು ಸೊನ್ನೆ ಹಾಕಿಸಿದರು. ಒಂಬತ್ತು ಸೊನ್ನೆಗಳು ಬಂದವು. ಅವರು ಐದನ್ನು ಕಲಿಸುವಷ್ಟರಲ್ಲಿ ಅಪ್ಪನಿಗೆ ಸಿರವಾರಕ್ಕೆ ವರ್ಗವಾಯಿತು. ಆ ಹಾಳೆ ಮಾತ್ರ ನನ್ನ ಟ್ರಂಕಿನಲ್ಲಿ ಬಂತು. ದಡ್ಡಿ ಎಂಬ ಭಾವನೆ ಹೋಗಿ, ಇನ್ನು ನಾಲ್ಕು ಪಾಠ ಉಳಿದಿವೆ ಎಂಬ ಲೆಕ್ಕ ಅದರ ಜಾಗಕ್ಕೆ ಬಂತು. ಇಲ್ಲಿರುವ ಅಧ್ಯಾಪಕರಲ್ಲಿ ನನ್ನ ಬೇಡಿಕೆ ಒಂದೇ: ನಡುವರ್ಷದಲ್ಲಿ ಬಂದು ಸೇರಿದ ಮಗುವಿಗೆ ಆ ಪ್ರಶ್ನೆಯನ್ನು ಕೇಳಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ನಾವು ಊರು ಬಿಟ್ಟಾಗ ಕೈಯಲ್ಲಿ ಟಿ.ಸಿ. ಇರುತ್ತಿತ್ತು, ಹೋದಲ್ಲಿ ಕ್ವಾರ್ಟರ್ಸ್ ಇರುತ್ತಿತ್ತು, ತಿಂಗಳಿಗೆ ಪಗಾರ ಇರುತ್ತಿತ್ತು. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯಿಂದ ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಅವರ ಹಾಳೆಯಲ್ಲಿ ಎಷ್ಟು ಸೊನ್ನೆಗಳಿರುತ್ತವೆ ಎಂದು ನೆನೆದರೆ ನನ್ನ ಬಾಲ್ಯವನ್ನು ಕಷ್ಟದ ಬಾಲ್ಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಅಪ್ಪನ ತಖ್ತೆಯ, ಅಂದರೆ ಲೆಕ್ಕದ ಕೋಷ್ಟಕದ, ಸಂಗತಿಗೆ ಬರುತ್ತೇನೆ. ವಿತರಣಾ ಕಾಲುವೆಗಳ ತಲೆಯಲ್ಲಿ, ಗೇಟು ದಾಟಿದ ಕೂಡಲೇ, ಕಾಲುವೆಯನ್ನು ಎರಡೂ ಬದಿಯಿಂದ ಒತ್ತಿ ಕಿರಿದು ಮಾಡಿ, ತಳವನ್ನು ಸ್ವಲ್ಪ ಉಬ್ಬಿಸಿ ಕಟ್ಟಿದ ಒಂದು ಭಾಗವಿರುತ್ತದೆ. ಅದಕ್ಕೆ ಫ್ಲೂಮ್ ಎನ್ನುತ್ತಾರೆ. ಅದರ ಮೇಲ್ಭಾಗದ ಗೋಡೆಗೆ ಅಂಟಿಸಿದ ಗೇಜ್ ಪಟ್ಟಿಯಲ್ಲಿ ನೀರಿನ ಎತ್ತರ ನೋಡಿದರೆ, ಅಚ್ಚು ಹಾಕಿದ ತಖ್ತೆಯಿಂದ ಎಷ್ಟು ಕ್ಯೂಸೆಕ್ ಹರಿಯುತ್ತಿದೆ ಎಂದು ಗೊತ್ತಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಬೆಳಿಗ್ಗೆ ಆರಕ್ಕೆ ಅಪ್ಪ ಗೇಜ್ ಓದಲು ಹೋಗುವಾಗ ರಜೆಯ ದಿನಗಳಲ್ಲಿ ನಾನೂ ಹೋಗುತ್ತಿದ್ದೆ. ಅವನು ಎತ್ತರ ಹೇಳುತ್ತಿದ್ದ, ನಾನು ತಖ್ತೆ ನೋಡಿ ಕ್ಯೂಸೆಕ್ ಹೇಳುತ್ತಿದ್ದೆ. ಒಂದು ಸಣ್ಣ ಫ್ಲೂಮಿನ ಸಾಲುಗಳು ಇಂದಿಗೂ ನೆನಪಿವೆ: ಒಂದು ಅಡಿ ಎತ್ತರಕ್ಕೆ 12 ಕ್ಯೂಸೆಕ್, ಎರಡು ಅಡಿಗೆ 35. ಎರಡು ಪಟ್ಟು ಎತ್ತರವಾದರೆ ಎರಡು ಪಟ್ಟು ನೀರಾಗಬೇಕಲ್ಲವೇ, 24 ಬರಬೇಕಿತ್ತಲ್ಲ, ಇದು ಹೆಚ್ಚು ಕಡಿಮೆ ಮೂರು ಪಟ್ಟು ಯಾಕೆ ಎಂದು ಕೇಳಿದೆ. "ತಖ್ತೆದಾಗ ಹಂಗೈತವ್ವಾ, ನೀರಿನ ಲೆಕ್ಕ ಬ್ಯಾರೆ" ಎಂದ ಅಪ್ಪ. ಅವನು ಏಳನೆಯ ತರಗತಿ ಓದಿದವನು, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳುವವನಲ್ಲ. ಆದರೆ ನೀರಿಗೆ ಬೇರೆಯೇ ಲೆಕ್ಕವಿದೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಉತ್ತರ ಸಿಗಲು ಆರು ವರ್ಷ ಬೇಕಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ 1990ರಲ್ಲಿ ಸಿವಿಲ್ ಡಿಪ್ಲೊಮಾಕ್ಕೆ ಸೇರಿದೆ. ತರಗತಿಯಲ್ಲಿ ಮೂವರೇ ಹುಡುಗಿಯರಿದ್ದೆವು. ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದೆ. ಟ್ರಂಕಿನ ಹಾಳೆ ತೆಗೆದು ನೋಡಿದರೆ ಉಳಿದಿದ್ದ ನಾಲ್ಕು ಸೊನ್ನೆಗಳಲ್ಲಿ ಒಂದು ವರ್ಗಮೂಲದ್ದೇ ಆಗಿತ್ತು. ಗ್ರಂಥಾಲಯದಲ್ಲಿ ಕುಳಿತು ಎಂಟನೆಯ ತರಗತಿಯ ಪುಸ್ತಕದಿಂದ ಅದನ್ನು ಕಲಿತೆ. ಮರುವರ್ಷ ಹೈಡ್ರಾಲಿಕ್ಸ್ ಪಾಠದಲ್ಲಿ ಫ್ಲೂಮಿನ ಸೂತ್ರ ಬಂತು: ಎತ್ತರವನ್ನು ಅದರ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು ಕಿರಿದಾದ ಭಾಗದ ಅಗಲದಿಂದಲೂ ಒಂದು ಸ್ಥಿರಾಂಕದಿಂದಲೂ ಗುಣಿಸಬೇಕು. ನೀರಿನ ಎತ್ತರ ಹೆಚ್ಚಿದಾಗ ಹರಿಯುವ ಜಾಗವೂ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ಜಾಗ ಎತ್ತರದಷ್ಟೇ, ವೇಗ ಎತ್ತರದ ವರ್ಗಮೂಲದಷ್ಟು. ಎರಡರ ವರ್ಗಮೂಲ 1.414. ಅದನ್ನು ಎರಡರಿಂದ ಗುಣಿಸಿದರೆ 2.83. ಹನ್ನೆರಡಕ್ಕೆ ಸ್ವಲ್ಪ ಹೆಚ್ಚಿನ ಸಂಖ್ಯೆಯ 2.83 ಪಟ್ಟು ಎಂದರೆ 35. ಆ ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ ಅಪ್ಪನ ಮುಂದೆ ಅವನ ತಖ್ತೆಯ ಪ್ರತಿಯೊಂದು ಸಾಲನ್ನೂ ಲೆಕ್ಕ ಹಾಕಿ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ತಾಳೆ ನೋಡಿದ.

ಅದೇ ವರ್ಷ ಕಲಿತ ಇನ್ನೊಂದು ವಿದ್ಯೆ ಮಟ್ಟ ತೆಗೆಯುವುದು, ಅಂದರೆ ಒಂದು ಜಾಗ ಇನ್ನೊಂದಕ್ಕಿಂತ ಎಷ್ಟು ಎತ್ತರ ಅಥವಾ ತಗ್ಗು ಎಂದು ಅಳೆಯುವ ಲೆವೆಲಿಂಗ್. ನೀವೆಲ್ಲ ಅದನ್ನು ಮಾಡಿದ್ದೀರಿ. ಬಿಸಿಲಿನಲ್ಲಿ ಸ್ಟಾಫ್, ಅಂದರೆ ಗುರುತು ಹಾಕಿದ ಅಳತೆಗೋಲು, ಹಿಡಿದು ನಿಲ್ಲುವ ಬೇಸರದ ಕೆಲಸ ಎಂದುಕೊಂಡಿರಬಹುದು. ನನಗೆ ಅದು ಹಾಗೆ ಕಾಣಲಿಲ್ಲ. ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1633 ಅಡಿ ಎಂದು ಪತ್ರಿಕೆಯಲ್ಲಿ ದಿನವೂ ಓದುತ್ತೇವೆ. ಅಣೆಕಟ್ಟೇನೂ ಅಷ್ಟು ಎತ್ತರವಿಲ್ಲ. ಆ ಸಂಖ್ಯೆ ಎಣಿಕೆಯಾಗುವುದು ಸಮುದ್ರದ ಸರಾಸರಿ ಮಟ್ಟದಿಂದ. ಭಾರತದ ಕರಾವಳಿಯ ಒಂಬತ್ತು ಕಡೆ ವರ್ಷಗಟ್ಟಲೆ ಉಬ್ಬರವಿಳಿತ ಅಳೆದು, ಅಲ್ಲಿಂದ ಒಳನಾಡಿಗೆ ಸ್ಟಾಫಿನಿಂದ ಸ್ಟಾಫಿಗೆ ಮಟ್ಟ ಸಾಗಿಸಿ, 1909ರ ಹೊತ್ತಿಗೆ ಸರ್ವೇ ಆಫ್ ಇಂಡಿಯಾ ದೇಶಕ್ಕೆಲ್ಲ ಒಂದು ಮಟ್ಟಜಾಲವನ್ನು ಹೊಂದಿಸಿತು. ನಮ್ಮ ಸೇತುವೆಗಳ ಕಟ್ಟೆಯ ಮೇಲೆ, ಹಳೆಯ ಕಟ್ಟಡಗಳ ಮೆಟ್ಟಿಲಿನ ಮೇಲೆ ಕೊರೆದಿರುವ, ಎತ್ತರ ಗೊತ್ತಿರುವ ಗುರುತುಗಳಾದ ಬೆಂಚ್‌ಮಾರ್ಕ್‌ಗಳು ಇಂಥ ಜಾಲಕ್ಕೆ ಸೇರಿದವು. ಇದನ್ನು ಕೇಳಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನಾನು ಬಾಳಿದ ಏಳು ಊರುಗಳೂ ನನ್ನ ಪಾಲಿಗೆ ಏಳು ಬಿಡಿ ತುಂಡುಗಳಾಗಿದ್ದವು. ಒಂದೇ ಸೊನ್ನೆಯಿಂದ ಅಳೆದರೆ ಅವು ಒಂದೇ ಜಾಲದ ಏಳು ಬಿಂದುಗಳಾಗುತ್ತಿದ್ದವು, ಮುನಿರಾಬಾದ್ ಕಾಲುವೆಯ ತಲೆಯಲ್ಲಿ, ರಾಯಚೂರು ಅದರ ಕೊನೆಯಲ್ಲಿ. ಅಪ್ಪನ ವರ್ಗಾವಣೆಯ ಕಾಗದಗಳು ನಮ್ಮನ್ನು ನೀರು ಹರಿಯುವ ದಿಕ್ಕಿನಲ್ಲೇ ಕಳಿಸಿದ್ದವು.

ಲೆವೆಲಿಂಗಿನಲ್ಲಿ ನನಗೆ ಹಿಡಿಸಿದ ಇನ್ನೊಂದು ಗುಣ ಅದರ ಪ್ರಾಮಾಣಿಕತೆ. ಬೆಂಚ್‌ಮಾರ್ಕಿನಿಂದ ಹೊರಟು ಕೆಲಸ ಮುಗಿಸಿ ಮತ್ತೆ ಅದೇ ಬೆಂಚ್‌ಮಾರ್ಕಿಗೆ ಬಂದಾಗ ಎಷ್ಟು ತಪ್ಪಿದೆ ಎಂಬುದು ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಎಚ್ಚರಿಕೆಯ ಕೆಲಸದಲ್ಲಿ ಒಪ್ಪಬಹುದಾದ ತಪ್ಪು, ನಡೆದ ಕಿಲೋಮೀಟರುಗಳ ವರ್ಗಮೂಲವನ್ನು 12ರಿಂದ ಗುಣಿಸಿದಷ್ಟು ಮಿಲಿಮೀಟರ್ ಎಂದು ನಮಗೆ ಕಲಿಸಿದರು. ನಾಲ್ಕು ಕಿಲೋಮೀಟರ್ ನಡೆದರೆ 24 ಮಿ.ಮೀ. ಇಲ್ಲಿಯೂ ವರ್ಗಮೂಲವೇ. ಒಂದು ಓದಿನಲ್ಲಿ ಮೇಲೆ ತಪ್ಪಿದರೆ ಇನ್ನೊಂದರಲ್ಲಿ ಕೆಳಗೆ ತಪ್ಪಿ ಅವು ಒಂದನ್ನೊಂದು ಸ್ವಲ್ಪಮಟ್ಟಿಗೆ ಅಳಿಸುವುದರಿಂದ, ದೂರ ನಾಲ್ಕು ಪಟ್ಟಾದರೂ ತಪ್ಪು ಎರಡು ಪಟ್ಟು ಮಾತ್ರ ಆಗುತ್ತದೆ. ತಪ್ಪಿಗೂ ಒಂದು ಮಿತಿಯಿದೆ, ಆ ಮಿತಿಯನ್ನು ಮೊದಲೇ ಹೇಳಬಹುದು ಎಂಬುದು ಹದಿನೇಳರ ಹುಡುಗಿಗೆ ದೊಡ್ಡ ಸಮಾಧಾನದ ಸಂಗತಿಯಾಗಿತ್ತು.

ಡಿಪ್ಲೊಮಾ ಮುಗಿದ ಮೇಲಿನ ಮೊದಲ ಹತ್ತು ವರ್ಷಗಳನ್ನು ಬೇಗ ದಾಟಿಸುತ್ತೇನೆ. ಗುತ್ತಿಗೆದಾರರ ಬಳಿ ಕಾಲುವೆ ದುರಸ್ತಿಯ ಅಳತೆ ಮಾಡಿದೆ. ಎಷ್ಟು ಘನ ಮೀಟರ್ ಮಣ್ಣು, ಎಷ್ಟು ಚದರ ಮೀಟರ್ ಲೈನಿಂಗ್ (ಕಾಲುವೆಯ ಒಳಮೈಯ ಹೊದಿಕೆ) ಎಂದು ಅಳತೆ ಪುಸ್ತಕಕ್ಕೆ ಏರಿಸಿದರೆ ಬಿಲ್ಲು ಆಗುತ್ತಿತ್ತು, ಬಿಲ್ಲು ಆದರೆ ಪಗಾರ ಸಿಗುತ್ತಿತ್ತು. ಮತ್ತೆ ಸೈಟಿನಿಂದ ಸೈಟಿಗೆ ಟ್ರಂಕು ಹೊತ್ತೆ. ಮದುವೆಯಾಯಿತು, ಮಗಳು ಹುಟ್ಟಿದಳು. ಕೆಲಸ ಹೊಟ್ಟೆ ತುಂಬಿಸಿತು, ಅದಕ್ಕೆ ನಾನು ಋಣಿ. ಆದರೆ ಅಳೆದದ್ದು ಸರಿಯಾಗಿದೆಯೇ ಎಂದು ಯಾರೂ ಕೇಳದ ಕಡೆ ಸರಿಯಾಗಿ ಅಳೆಯುವ ಆಸೆ ನಿಧಾನವಾಗಿ ಬತ್ತುತ್ತದೆ. ಮೂವತ್ತು ದಾಟಿದ ಮೇಲೆ, ನದಿ ಕಾಲುವೆಗಳ ಹರಿವನ್ನು ಅಳೆಯುವ ಒಂದು ಸಣ್ಣ ತಂಡದಲ್ಲಿ ಕೆಲಸ ಸಿಕ್ಕಿತು. ಮೊದಲಿಗಿಂತ ಕಡಿಮೆ ಸಂಬಳಕ್ಕೇ ಸೇರಿದೆ.

ಅಲ್ಲಿ ಕೈಗೆ ಬಂದದ್ದು ಕರೆಂಟ್ ಮೀಟರ್. ಹೆಸರು ಕೇಳಿ ವಿದ್ಯುತ್ತಿನ ಮೀಟರ್ ಎಂದು ತಿಳಿಯಬಾರದು; ಇದು ನೀರಿನ ಸೆಳೆತವನ್ನು ಅಳೆಯುವ ಯಂತ್ರ. ಒಂದು ಕಡ್ಡಿಯ ಸುತ್ತ ಆರು ಸಣ್ಣ ಬಟ್ಟಲುಗಳು, ನೀರು ತಳ್ಳಿದಷ್ಟು ವೇಗವಾಗಿ ತಿರುಗುತ್ತವೆ, ತಿರುಗಿದಂತೆ ಕಿವಿಗೆ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಕಾಲುವೆಯ ಅಗಲವನ್ನು ಹಲವು ಭಾಗ ಮಾಡಿ, ಪ್ರತಿ ಭಾಗದಲ್ಲಿ ನೀರಿನ ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಮೀಟರ್ ಇಳಿಸಬೇಕು. ತೆಳುವಾದ ನೀರಿನಲ್ಲಿ ಅಲ್ಲಿಯ ವೇಗವೇ ಆ ಭಾಗದ ಸರಾಸರಿ ವೇಗಕ್ಕೆ ಹತ್ತಿರ ಇರುತ್ತದೆ. ಆಳ ಹೆಚ್ಚಿದ್ದರೆ ಎರಡು ಪಾಲಿನಲ್ಲೊಮ್ಮೆ, ಎಂಟು ಪಾಲಿನಲ್ಲೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಈ ಮೀಟರಿಗೂ ಪರೀಕ್ಷೆಯಿದೆ: ನಿಂತ ನೀರಿನ ಉದ್ದನೆಯ ತೊಟ್ಟಿಯಲ್ಲಿ ಗೊತ್ತಾದ ವೇಗದಲ್ಲಿ ಅದನ್ನೇ ಎಳೆದು, ಬಟ್ಟಲು ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತಾರೆ. ಪುಣೆಯ ಖಡಕವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಅಂಥ ತೊಟ್ಟಿಯಿದೆ. ಅಳೆಯುವುದನ್ನೂ ಅಳೆಯುವವರಿದ್ದಾರೆ ಎಂದು ತಿಳಿದ ಮೇಲೆ ನನಗೆ ಈ ಕೆಲಸದ ಮೇಲೆ ಗೌರವ ಹೆಚ್ಚಿತು.

ನನ್ನ ಕೆಲಸ ನನಗೆ ತೃಪ್ತಿ ಕೊಡಲು ಶುರುವಾದದ್ದು ಯಾವಾಗ ಎಂದು ನಿಮ್ಮ ಅಧ್ಯಾಪಕರು ಕೇಳಿದ್ದರು. ಅದಕ್ಕೆ ದಿನಾಂಕವಿದೆ ಎನ್ನುವಷ್ಟು ಸ್ಪಷ್ಟವಾಗಿ ಹೇಳಬಲ್ಲೆ. ಅದು ನಡೆದ ವಿತರಣಾ ಕಾಲುವೆಯ ಸಂಖ್ಯೆಯನ್ನು ಹೇಳುವುದಿಲ್ಲ. ಅಲ್ಲಿ ಯಾರದೂ ಕೇಡಿನ ಮನಸ್ಸಿರಲಿಲ್ಲ.

ಎಡದಂಡೆ ಕಾಲುವೆಯ ಜಗಳದ ಮೂಲವನ್ನು ನೀವು ಬಲ್ಲಿರಿ. ಯೋಜನೆ ಮಾಡಿದಾಗ ಹೆಚ್ಚಿನ ನೆಲ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಎಂದು ಲೆಕ್ಕ ಹಾಕಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಭಾಗಕ್ಕೆ ನೀರು ತೆಳುವಾಯಿತು. ಜಲಾಶಯದಲ್ಲಿ ಹೂಳು ತುಂಬಿ ಆರಂಭದ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯ 105.79ಕ್ಕೆ ಇಳಿದದ್ದು ಅದಕ್ಕೆ ಸೇರಿತು. ನಾನು ಹೇಳುತ್ತಿರುವ ವರ್ಷ, ಆ ವಿತರಣಾ ಕಾಲುವೆಯ ಕೊನೆಯ ಹಳ್ಳಿಗಳವರು ಹತ್ತಿ ಒಣಗುತ್ತಿದೆ ಎಂದು ರಸ್ತೆ ತಡೆದು ಕುಳಿತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ದಿನವೂ 129 ಕ್ಯೂಸೆಕ್ ಬಿಟ್ಟ ದಾಖಲೆಯಿತ್ತು. ಮೇಲಿನವರು ಕದಿಯುತ್ತಾರೆ ಎಂದು ಕೆಳಗಿನವರು, ಕೆಳಗಿನವರು ಸುಳ್ಳು ಹೇಳುತ್ತಾರೆ ಎಂದು ಮೇಲಿನವರು ಮಾತಿಗೆ ಮಾತು ಬೆಳೆಸಿದ್ದರು. ಅಳೆದು ನೋಡಿ ಎಂದು ನಮ್ಮ ತಂಡಕ್ಕೆ ಹೇಳಿಕೆ ಬಂತು.

ಬೆಳಗಿನ ಏಳು ಗಂಟೆಗೆ ಫ್ಲೂಮಿನ ಬಳಿ ಎರಡೂ ಕಡೆಯ ಮೂವತ್ತು ನಲವತ್ತು ಜನ ನಿಂತಿದ್ದರು. ಫ್ಲೂಮಿನ ಅಗಲ ಮೂರು ಮೀಟರ್, ಗೇಜಿನಲ್ಲಿ ನೀರು 80 ಸೆಂಟಿಮೀಟರ್. ಸೂತ್ರಕ್ಕೆ ಹಾಕಿದರೆ 129 ಕ್ಯೂಸೆಕ್ ಸರಿಯಾಗಿಯೇ ಬರುತ್ತದೆ. ಮೊದಲು ಫ್ಲೂಮಿನ ಕೆಳಗೆ ನಡೆದು ನೋಡಿದೆ. ಹೂಳು ತುಂಬಿ, ಬಳ್ಳಾರಿ ಜಾಲಿ ಬಾಗಿ ಬಿದ್ದು ನೀರು ಹಿಂದಕ್ಕೆ ಒತ್ತುತ್ತಿದ್ದರೆ ಫ್ಲೂಮ್ ಮುಳುಗಿ ಲೆಕ್ಕವೇ ಕೆಡುತ್ತದೆ. ಹಾಗೇನೂ ಇರಲಿಲ್ಲ. ಆಮೇಲೆ ಮೇಲ್ಭಾಗದ ಕಾಲುಸೇತುವೆಯಿಂದ ಕರೆಂಟ್ ಮೀಟರ್ ಇಳಿಸಿದೆವು. ಪ್ರತಿ ಭಾಗದಲ್ಲೂ ಟಿಕ್ ಎಣಿಸುವ ಕೆಲಸವನ್ನು ಮೇಲಿನ ಹಳ್ಳಿಯ ಒಬ್ಬರಿಗೆ, ಕೆಳಗಿನ ಹಳ್ಳಿಯ ಒಬ್ಬರಿಗೆ ಸರದಿಯಂತೆ ಕೊಟ್ಟೆ. ಗಡಿಯಾರ ನನ್ನ ಕೈಯಲ್ಲಿತ್ತು. ಒಟ್ಟು ಕೂಡಿಸಿದಾಗ 118 ಬಂತು. ಮತ್ತೊಮ್ಮೆ ಮಾಡಿದೆವು, 117. ಜನ ಮಾತು ನಿಲ್ಲಿಸಿದ್ದರು.

ಹನ್ನೊಂದು ಹನ್ನೆರಡು ಕ್ಯೂಸೆಕ್ ಎಲ್ಲಿ ಹೋಯಿತು? ಕಾಲುವೆಯ ತಲೆಯಲ್ಲೇ ಅಳೆದದ್ದರಿಂದ ದಾರಿಯಲ್ಲಿ ಕಳುವಾಯಿತೆನ್ನುವಂತಿಲ್ಲ. ಗೇಜ್ ಪಟ್ಟಿಯ ಮೇಲೆ ನನಗೆ ಅನುಮಾನ ಬಂತು. ಎರಡು ಕಿಲೋಮೀಟರ್ ದೂರದ ಸೇತುವೆಯ ಕಟ್ಟೆಯ ಮೇಲೆ ಬೆಂಚ್‌ಮಾರ್ಕ್ ಇತ್ತು. ಅಲ್ಲಿಂದ ಫ್ಲೂಮಿಗೆ ಮಟ್ಟ ತಂದು ಮತ್ತೆ ಅಲ್ಲಿಗೇ ಮರಳಿದೆವು. ಹೋಗಿ ಬರುವ ನಾಲ್ಕು ಕಿಲೋಮೀಟರಿಗೆ 24 ಮಿ.ಮೀ. ತಪ್ಪು ಸಲ್ಲುತ್ತದೆ, ನಮ್ಮದು 7 ಬಂದಿತ್ತು. ಗೇಜಿನ ಸೊನ್ನೆ ಫ್ಲೂಮಿನ ಉಬ್ಬಿನ ಮಟ್ಟಕ್ಕೆ ಸರಿಯಾಗಿ ಇರಬೇಕಿತ್ತು, ಅದು 50 ಮಿ.ಮೀ. ಕೆಳಗಿತ್ತು. ಹಳೆಯ ಪಟ್ಟಿ ತುಕ್ಕು ಹಿಡಿದು ಬಿದ್ದಾಗ, ಲೈನಿಂಗ್ ದುರಸ್ತಿಗೆ ಬಂದಿದ್ದ ಗೌಂಡಿಯೊಬ್ಬ ಹೊಸ ಪಟ್ಟಿಯನ್ನು ಕಣ್ಣಳತೆಯಲ್ಲೇ ಕೂರಿಸಿದ್ದ. 80 ಎಂದು ಓದಿದ ನೀರು ನಿಜವಾಗಿ 75 ಇತ್ತು, 75ಕ್ಕೆ ಸೂತ್ರ ಕೊಡುವುದು 117 ಕ್ಯೂಸೆಕ್. ಎತ್ತರದಲ್ಲಿ ನೂರಕ್ಕೆ ಆರರಷ್ಟು ತಪ್ಪಿದರೆ ನೀರಿನಲ್ಲಿ ನೂರಕ್ಕೆ ಒಂಬತ್ತರಷ್ಟು ತಪ್ಪುತ್ತದೆ. ಅಪ್ಪ ಹೇಳಿದ ನೀರಿನ ಬೇರೆ ಲೆಕ್ಕ ಇದೇ. ಒಂದು ಕ್ಯೂಸೆಕ್ ದಿನವಿಡೀ ಹರಿದರೆ ಎರಡು ಎಕರೆಗೆ ಒಂದು ಅಡಿ ನೀರು ನಿಲ್ಲುತ್ತದೆ. ಅಂದರೆ ಐದು ಸೆಂಟಿಮೀಟರ್ ಕುಸಿದ ಪಟ್ಟಿಯಿಂದಾಗಿ ದಿನಕ್ಕೆ 24 ಎಕರೆಗೆ ಅಡಿ ನೀರು ಕಾಗದದ ಮೇಲೆ ಹರಿಯುತ್ತಿತ್ತು, ಕಾಲುವೆಯಲ್ಲಿ ಹರಿಯುತ್ತಿರಲಿಲ್ಲ. ಮೇಲಿನವರು ತಮ್ಮ ತೂಬಿನ ಪಾಲನ್ನು ತೆಗೆದುಕೊಳ್ಳುತ್ತಿದ್ದರು, ಕೊರತೆಯೆಲ್ಲ ಕೊನೆಯವರ ಮೇಲೆ ಬೀಳುತ್ತಿತ್ತು. ವರ್ಷಾನುಗಟ್ಟಲೆ ಎರಡು ಊರಿನವರು ಒಬ್ಬರನ್ನೊಬ್ಬರು ಕಳ್ಳರು, ಸುಳ್ಳರು ಎಂದು ಕರೆದುಕೊಂಡಿದ್ದರು.

ಪಟ್ಟಿಯನ್ನು ಆ ಮಧ್ಯಾಹ್ನವೇ ಎತ್ತಿ ಕೂರಿಸಿದೆವು. ಕೊನೆಯ ತೂಬಿಗೆ ಮೂರನೆಯ ದಿನ "ನೀರು ಬಂದಾವ್ರೀ" ಎಂದು ಫೋನು ಬಂತು. ನಮ್ಮ ಕಡೆ ನೀರು ಯಾವಾಗಲೂ ಬಹುವಚನ. ಕೊನೆಯವರ ಎಲ್ಲ ಕಷ್ಟವೂ ಇದರಿಂದ ಮುಗಿಯಲಿಲ್ಲ. ಅಕ್ರಮ ಪಂಪ್‌ಸೆಟ್‌ಗಳಿದ್ದವು, ಒಡೆದ ಲೈನಿಂಗ್ ಇತ್ತು, ಈಗಲೂ ಇವೆ. ಆದರೆ ಅಂದು ಸಂಜೆ, ಇಬ್ಬರೂ ಒಪ್ಪುವ ಒಂದು ಸಂಖ್ಯೆಯನ್ನು ನಾನು ಮೊದಲ ಬಾರಿಗೆ ಬರೆದಿದ್ದೆ. ಆ ಕಾಲುವೆಯ ಮೇಲಿನ ಊರಿನಲ್ಲೂ ಕೆಳಗಿನ ಊರಿನಲ್ಲೂ ನಾನು ಪರಕೀಯಳೇ. ಒಂದು ಊರಿಗೆ ಸೇರಿದವಳಾಗಿದ್ದರೆ ಅವರಲ್ಲಿ ಅರ್ಧ ಜನ ನನ್ನ ಸ್ಟಾಫನ್ನು ನಂಬುತ್ತಿರಲಿಲ್ಲವೇನೋ. ಬಾಲ್ಯದುದ್ದಕ್ಕೂ ಭಾರವಾಗಿದ್ದ ಸಂಗತಿಯೊಂದು ಅಂದು ಕೆಲಸಕ್ಕೆ ಬಂತು.

ಇಲ್ಲಿರುವವರು ಯಂತ್ರಗಳು ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಶಬ್ದದ ಅಲೆಯನ್ನು ನೀರಿಗೆ ಕಳಿಸಿ, ತೇಲುವ ಕಣಗಳಿಂದ ಮರಳಿದಾಗ ಅದರ ಸ್ವರ ಎಷ್ಟು ಬದಲಾಗಿದೆ ಎಂಬುದರಿಂದ ವೇಗ ತಿಳಿಯುವ ಡಾಪ್ಲರ್ ಉಪಕರಣಗಳನ್ನು ನಾವೀಗ ಬಳಸುತ್ತೇವೆ. ಪಕ್ಕದ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ದೂರದಿಂದಲೇ ಗೇಟು ನಡೆಸುವ ಸ್ಕಾಡಾ ವ್ಯವಸ್ಥೆ ಬಂದಿದೆ. 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಆ ಯೋಜನೆಯ ಉದ್ಘಾಟನೆಯಾಯಿತು. ಇವೆಲ್ಲ ಬರಲಿ, ಬೇಗ ಬರಲಿ. ಆದರೆ ಪರದೆಯ ಮೇಲೆ ಬೆಳಗುವ ಸಂಖ್ಯೆಗೂ ಒಂದು ಸೊನ್ನೆ ಇರುತ್ತದೆ, ಆ ಸೊನ್ನೆಯನ್ನು ಯಾರೋ ಒಬ್ಬರು ಬಿಸಿಲಿನಲ್ಲಿ ನಡೆದು ತಂದು ಕೂರಿಸಿರಬೇಕು. ನನ್ನ ಬಳಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ಪರಿವಿಡಿ ಕೊಟ್ಟು ಗೆರೆ, ಎರಡು ಗೆರೆ, ಸೊನ್ನೆ ಹಾಕಿಸುತ್ತೇನೆ. ಸೊನ್ನೆ ಹಾಕಲು ಹೆದರದವರು ಬೇಗ ಕಲಿಯುತ್ತಾರೆ ಎಂಬುದು ನನ್ನ ಅನುಭವ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಾಗುವ ಮುನ್ನವೇ ಅಪ್ಪನ ಫೋನು ಬಂತು. ಅವನಿಗೆ ಎಂಬತ್ತು ದಾಟಿದೆ. "ದಿನಕ್ಕ ಎಷ್ಟು ಹೋಗ್ತಾವವ್ವಾ?" ಎಂದು ಕೇಳಿದ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದ್ದರು. ಒಂದು ಲಕ್ಷ ಕ್ಯೂಸೆಕ್ ದಿನವಿಡೀ ಹೋದರೆ 8.64 ಟಿಎಂಸಿ ಎಂದು ಹೇಳಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಎಡದಂಡೆ ಕಾಲುವೆ ತುಂಬಿ ಹರಿದರೆ ಹಿಡಿಯುವುದು ಸುಮಾರು 4,100 ಕ್ಯೂಸೆಕ್. ಆ ಲೆಕ್ಕದಲ್ಲಿ ಒಂದು ದಿನಕ್ಕೆ ಎಷ್ಟು ದಿನದ ನೀರು ಹೋಯಿತೆಂದು ಅವನು ಮನಸ್ಸಿನಲ್ಲೇ ಭಾಗಿಸುತ್ತಿದ್ದಿರಬೇಕು. ಒಂದು ವಾರ ನಾವು ದಿನವೂ ಮಾತನಾಡಿದೆವು. ಗೇಟ್ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಯಿಗೆ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು, ಹರಿಯುವ ನೀರಿನಲ್ಲೇ, ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಬೆಸುಗೆಯವರು, ಕ್ರೇನಿನವರು, ಹಗ್ಗ ಹಿಡಿದವರು ಯಾರ ಮುಖವೂ ನನಗೆ ಪರಿಚಯವಿಲ್ಲ. ಕೊನೆಯ ತುಂಡು ಕುಳಿತ ಸುದ್ದಿ ಬಂದಾಗ ಅವರೆಲ್ಲ ನನ್ನ ಊರಿನವರೆಂದೇ ಅನ್ನಿಸಿತು.

ಕಳೆದ ತಿಂಗಳು ಆ ಹಳೆಯ ಫ್ಲೂಮಿಗೆ ಮತ್ತೆ ಹೋಗಿದ್ದೆ. ಎರಡು ವರ್ಷಕ್ಕೊಮ್ಮೆ ಅದರ ಸೊನ್ನೆ ಪರೀಕ್ಷಿಸುವ ರೂಢಿ ಇಟ್ಟುಕೊಂಡಿದ್ದೇವೆ. ಬರುತ್ತೇನೆಂದು ಹಟ ಹಿಡಿದ ಅಪ್ಪನನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆ. ಬೆಂಚ್‌ಮಾರ್ಕಿನ ಮೇಲೆ ಸ್ಟಾಫ್ ಹಿಡಿಯಲು ಅವನೇ ನಿಂತ, ಟೋಪಿ ಹಾಕಿಕೊಂಡು, ಸ್ಟಾಫ್ ನೆಟ್ಟಗಿದೆಯೇ ಎಂದು ತೋರಿಸುವ ಹಿಂದಿನ ಗುಳ್ಳೆ ನಡುವೆ ಬರುವವರೆಗೆ ಉಸಿರು ಹಿಡಿದುಕೊಂಡು. ಹೋಗಿ ಬಂದ ನಾಲ್ಕು ಕಿಲೋಮೀಟರಿನ ಲೆಕ್ಕ 3 ಮಿ.ಮೀ.ಗೆ ಕೂಡಿತು. ಗೇಜಿನ ಸೊನ್ನೆ ಕೂರಿಸಿದಲ್ಲೇ ಇತ್ತು.